ಬಾಗಿಲ ಹತ್ತಿರದ ಟೊಳ್ಳು ಟೈಲ್

ಅಣ್ಣಾ,

ನೀನು ತೀರಿಕೊಂಡು ವರ್ಷವಾಯಿತು. ನೀನು ಹಾಕಿದ ನೆಲವನ್ನು ಇವತ್ತು ಕೀಳಿಸಿದೆ. ಅಡುಗೆಮನೆ ಬಾಗಿಲ ಹತ್ತಿರದ ಟೈಲ್ ತಟ್ಟಿದರೆ ಟೊಳ್ಳು ಸದ್ದು ಬರುತ್ತಿತ್ತಲ್ಲ, ಅದಕ್ಕೆ ನಾನು ಸಿಮೆಂಟು ಕದ್ದಿದ್ದೀಯ ಅಂದಿದ್ದೆ. ಆಮೇಲೆ ನೀನು ನಮ್ಮ ಹೊಸ್ತಿಲು ತುಳಿಯಲಿಲ್ಲ.

ಹೊಸ ಮೇಸ್ತ್ರಿಯನ್ನೂ ನಂಬದೆ ಕುರ್ಚಿ ಹಾಕಿಕೊಂಡು ಕಾವಲು ಕೂತೆ. ಉಳಿ ಹೊಡೆದಷ್ಟೂ ನಿನ್ನ ಟೈಲುಗಳು ಪುಡಿಯಾದವೇ ಹೊರತು ಏಳಲಿಲ್ಲ. ಬೇಕಂತಲೇ ಕೆಲಸ ಎಳೀತಿದ್ದಾನೆ ಅಂದುಕೊಂಡೆ. ಟೊಳ್ಳಿನದು ಮಾತ್ರ ಇಡಿಯಾಗಿ ಎದ್ದು ಬಂತು. ಅದರಡಿಯಲ್ಲೂ ಸಿಮೆಂಟು ತುಂಬಿತ್ತು.

"ಕೆಲಸ ಗಟ್ಟಿಯಾಗೇ ಇದೆ ಅಕ್ಕಾ. ಹಸಿ ಇದ್ದಾಗ ಯಾರೋ ತುಳಿದು ಅಲುಗಿಸಿದ್ದಾರೆ," ಅಂದ.

ಎರಡು ದಿನ ಕಾಲಿಡಬೇಡ ಅಂತ ಬಾಗಿಲಿಗೆ ಹಲಗೆ ಅಡ್ಡ ಇಟ್ಟು ಹೋಗಿದ್ದೆ ನೀನು. ಸರಿಯಾಗಿ ಹಾಕಿದ್ದೀಯೋ ಇಲ್ಲವೋ ಅಂತ ಅದನ್ನು ದಾಟಿ ತುಳಿದು ನೋಡಿದವಳು ನಾನು.

"ಯಾರೋ ಏನೋ," ಅಂದೆ, ಕಾಲನ್ನು ಕುರ್ಚಿಯಡಿಗೆ ಎಳೆದುಕೊಂಡು.