ಬಿಗಿಯಾಗುತ್ತದೆ ಎಂದು ಹೇಳಲಾಗದ ಗಂಡಸರ ಪರವಾಗಿ

ಕುಟುಂಬ ಕಲ್ಯಾಣದ ಸಂಶೋಧನೆಗಳಿಗೆ ಒಪ್ಪಿಗೆ ಕೊಡುವ, ಕೊಟ್ಟ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳುವ ಮಾನ್ಯ ನಿರ್ದೇಶಕರೇ,

ಕಾಂಡೋಮ್ ಗಂಡಸರಿಗೆ ಸರಿಯಾಗಿ ಹೊಂದುತ್ತದೆಯೇ, ಅದನ್ನು ಹಾಕಿಕೊಂಡಾಗ ಅವರಿಗೆ ಏನಾಗುತ್ತದೆ ಎಂದು ಕೇಳಿ ತಿಳಿಯುವ ಅಧ್ಯಯನವನ್ನು ತಾವು ಕಳೆದ ತಿಂಗಳು ಅರ್ಧಕ್ಕೇ ನಿಲ್ಲಿಸಿದಿರಿ. ಪತ್ರಿಕೆಯವರು ಕಾರಣ ಕೇಳಿದಾಗ, 'ಈ ಬಗ್ಗೆ ಸಾರ್ವಜನಿಕರಿಂದ ಒಂದೂ ದೂರು ಬಂದಿಲ್ಲ' ಎಂದಿರಿ. ನಿಜ, ಬಂದಿಲ್ಲ. ಬರುವುದಾದರೂ ಹೇಗೆ? ನಲ್ಲಿಯಲ್ಲಿ ನೀರಿಲ್ಲವೆಂದರೆ ನಾಲ್ಕು ಜನರನ್ನು ಕಟ್ಟಿಕೊಂಡು ಕಚೇರಿಯ ಮುಂದೆ ಕೂರಬಹುದು. ಇದಕ್ಕೆ ಯಾರನ್ನು ಕಟ್ಟಿಕೊಂಡು ಬರುವುದು, ಯಾವ ಘೋಷಣೆ ಕೂಗುವುದು? ಹಾಗಾಗಿ ಒಬ್ಬನೇ ಬರೆಯುತ್ತಿದ್ದೇನೆ. ಇದನ್ನೇ ಮೊದಲ ದೂರು ಎಂದು ದಾಖಲಿಸಿಕೊಳ್ಳಬೇಕು.

ನಾನು ದಂತವೈದ್ಯರಿಗೆ ಕಟ್ಟುಹಲ್ಲಿನ ಸೆಟ್ಟು ಮಾಡಿಕೊಡುವವನು. ಒಸಡಿಗೆ ಒತ್ತುತ್ತದೆ ಎಂದು ಯಾರಾದರೂ ಹೇಳಿದರೆ ಉಜ್ಜಿ ಸರಿಮಾಡುತ್ತೇವೆ. ಒತ್ತುತ್ತದೆ ಎಂದವರ ಗಂಡಸ್ತನವನ್ನು ಯಾರೂ ಅನುಮಾನಿಸುವುದಿಲ್ಲ.

ಮದುವೆಯಾದ ಎರಡನೇ ವರ್ಷ ನನ್ನ ಹೆಂಡತಿಗೆ ಗರ್ಭಪಾತವಾಗಿ, ಜೀವ ಉಳಿದದ್ದೇ ದೊಡ್ಡದಾಯಿತು. ಕೆಲವು ವರ್ಷ ಮತ್ತೆ ಬಸಿರಾಗಕೂಡದು ಎಂದರು ವೈದ್ಯೆ. ಮಾತ್ರೆ ಅವಳಿಗೆ ಒಗ್ಗಲಿಲ್ಲ. ತಲೆ ಎತ್ತಲಾಗದಷ್ಟು ನೋವು ಬರುತ್ತಿತ್ತು. ಉಳಿದದ್ದು ಕಾಂಡೋಮ್. ಅದು ನನಗೆ ಬಿಗಿ. ಹಾಕಿಕೊಳ್ಳುವುದೇ ಪಡಿಪಾಟಲು, ಹಾಕಿಕೊಂಡ ಮೇಲೆ ದಾರ ಬಿಗಿದು ಕಟ್ಟಿದಂತೆ. ನೋವಿಗೆ ದೇಹ ಸೋಲುತ್ತಿತ್ತು. ಸೋತ ಮೇಲೆ ಅದು ಜಾರುತ್ತಿತ್ತು. ಒಮ್ಮೆ ಜಾರಿದ್ದು ತಿಳಿಯಲೇ ಇಲ್ಲ. ಅವಳು ಮುಟ್ಟಾಗುವವರೆಗೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಊಟ ಮಾಡಿದೆವು.

ಔಷಧಿ ಅಂಗಡಿಯಲ್ಲಿ ದನಿ ತಗ್ಗಿಸಿ, 'ಬೇರೆ ಸೈಜ್ ಇದೆಯಾ?' ಎಂದು ಕೇಳಿದೆ.

'ಎಲ್ರಿಗೂ ಇದೇ ಆಗತ್ತೆ ಸಾರ್. ನಿಮಗೇನು ಹೊಲಿಸಿ ಕೊಡ್ಬೇಕಾ?' ಎಂದ ಅಂಗಡಿಯವನು. ಕೆಮ್ಮಿನ ಔಷಧಿಗೆ ನಿಂತಿದ್ದ ಹೆಂಗಸೊಬ್ಬರು ನಗು ತಡೆಯಲಾಗದೆ ಆ ಕಡೆ ತಿರುಗಿದರು. ಆಮೇಲೆ ನಾನು ಯಾವ ಅಂಗಡಿಯಲ್ಲೂ ಕೇಳಲಿಲ್ಲ. ವೈದ್ಯರೊಬ್ಬರ ಬಳಿ ಹೋದರೆ, 'ಟೆನ್ಷನ್ ಮಾಡ್ಕೋಬೇಡಿ, ಎಲ್ಲಾ ಮನಸ್ಸಿಂದು' ಎಂದು ಟಾನಿಕ್ ಬರೆದುಕೊಟ್ಟರು. ಟಾನಿಕ್ ಕುಡಿದೆ. ರಬ್ಬರು ಸಡಿಲವಾಗಲಿಲ್ಲ.

ಬರಬರುತ್ತಾ ಅವಳನ್ನು ಮುಟ್ಟುವುದನ್ನೇ ಬಿಟ್ಟೆ. ಬೆನ್ನುನೋವೆಂದು ನೆಲದ ಮೇಲೆ ಚಾಪೆ ಹಾಸಿಕೊಂಡೆ. ಒಂದು ಭಾನುವಾರ ಬೆಳಿಗ್ಗೆ ಒಗೆದ ಬಟ್ಟೆ ಮಡಿಸುತ್ತಾ, ತಲೆ ಎತ್ತದೆ ಕೇಳಿದಳು:

'ನನ್ನ ಮೇಲಿನ ಆಸೆ ಹೋಯ್ತಾ ನಿಮಗೆ?'

'ಹಾಗೇನಿಲ್ಲ.'

'ಮತ್ತೇನು?'

ನನಗೇ ಗೊತ್ತಿದ್ದರೆ ತಾನೇ ಹೇಳುವುದು? ನನ್ನಲ್ಲೇ ಏನೋ ಊನವಿದೆ ಎಂದು ನಂಬಿಬಿಟ್ಟಿದ್ದೆ. ಅವಳು ನನ್ನ ಬಟ್ಟೆಗಳನ್ನು ಬೇರೆಯಾಗಿ ಜೋಡಿಸಿಟ್ಟು ಎದ್ದು ಹೋದಳು. ಮರುವರ್ಷ ಅಕ್ಕನ ಮನೆಗೆಂದು ಹೋದವಳು ಬರಲಿಲ್ಲ. ನ್ಯಾಯಾಲಯದಲ್ಲಿ ಕಾರಣ ಕೇಳಿದಾಗ ಇಬ್ಬರೂ 'ಹೊಂದಾಣಿಕೆ ಆಗಲಿಲ್ಲ' ಎಂದೆವು. ಅದೆಷ್ಟು ಸರಿಯಾದ ಮಾತೆಂದು ಇಬ್ಬರಿಗೂ ಗೊತ್ತಿರಲಿಲ್ಲ.

ಅದಾಗಿ ಎಷ್ಟೋ ವರ್ಷಗಳ ಮೇಲೆ, ಆಸ್ಪತ್ರೆಯ ಗೋಡೆಯ ಮೇಲೆ ತಮ್ಮ ಅಧ್ಯಯನದ ಪ್ರಕಟಣೆ ಕಂಡು ಒಳಗೆ ಹೋದೆ. ನನಗಿಂತ ಹಿರಿಯರಾದ ಸಂಶೋಧಕರೊಬ್ಬರು ಬಾಗಿಲು ಮುಚ್ಚಿ ಬಂದು ಕೂತು, 'ಎಲ್ಲಿ ಒತ್ತತ್ತೆ? ಆಗ ನಿಮಗೆ ಏನನ್ನಿಸತ್ತೆ? ಸಾವಕಾಶ ಹೇಳಿ' ಎಂದರು. ಹೇಳಲು ಹೋದವನು ಕಟ್ಟುಹಲ್ಲು ಎಲ್ಲಿ ಒತ್ತುತ್ತದೆ ಎಂದು ವಿವರಿಸತೊಡಗಿದೆ. ಅವರು ನೀರು ಕೊಟ್ಟು ಕಿಟಕಿಯ ಕಡೆ ನೋಡುತ್ತಾ ಕೂತರು. ನಾನು ಎಲ್ಲ ಹೇಳಿದ ಮೇಲೆ ಕಾಗದದ ಅಳತೆಪಟ್ಟಿ ಕೊಟ್ಟು ಪಕ್ಕದ ಕೋಣೆಗೆ ಕಳಿಸಿದರು. ಬಂದು ಅಳತೆ ಹೇಳಿದಾಗ, 'ನಿಮಗೆ ಸ್ವಲ್ಪ ದೊಡ್ಡ ಅಳತೆದು ಬೇಕಿತ್ತು, ಅಷ್ಟೇ. ನಿಮ್ಮಲ್ಲೇನೂ ತೊಂದರೆ ಇಲ್ಲ. ನಿಮ್ಮಂಥವರು ಬೇಕಾದಷ್ಟು ಜನ ಬಂದಿದಾರೆ ಇಲ್ಲಿಗೆ' ಎಂದರು. ಹೊರಗೆ ಕಾಯುತ್ತಿದ್ದವರನ್ನು ನೋಡಿದೆ. ಎಲ್ಲರೂ ಒಬ್ಬರಿಂದೊಬ್ಬರು ಒಂದೊಂದು ಕುರ್ಚಿ ಬಿಟ್ಟು ಕೂತು, ಫೋನಿನಲ್ಲಿ ಮುಖ ಹುದುಗಿಸಿದ್ದರು.

ಬೇರೆ ಬೇರೆ ಅಳತೆಯ ಕಾಂಡೋಮ್‌ಗಳನ್ನು ಮನೆಗೊಯ್ದು, ಸಂಗಾತಿಯೊಂದಿಗೆ ಬಳಸಿ, ಅನುಭವ ತಿಳಿಸುವುದು ಮುಂದಿನ ಹಂತ. 'ಮನೇಲಿ ಯಾರೂ ಇಲ್ಲ ಸಾರ್' ಎಂದೆ. ಅವರು ಪೆನ್ನಿನ ಮುಚ್ಚಳ ಹಾಕಿ, ಮೆಲ್ಲಗೆ 'ಛೆ' ಎಂದರು.

ಆ ಸಂಜೆ ಅವಳಿಗೆ ಫೋನ್ ಮಾಡಿದೆ. ಮತ್ತೆ ಮದುವೆಯಾಗಿ ಬೇರೆ ಊರಿನಲ್ಲಿದ್ದಾಳೆ. ತಪ್ಪೋ ಸರಿಯೋ, ಹೇಳಬೇಕೆನಿಸಿತು. ಪೂರಾ ಕೇಳಿಸಿಕೊಂಡಳು.

'ಅಷ್ಟೇನಾ?' ಎಂದಳು.

'ಅಷ್ಟೇ.'

'ನಾನೇ ಚೆನ್ನಾಗಿಲ್ಲ ಅಂದ್ಕೊಂಡಿದ್ದೆ. ಕನ್ನಡಿ ಮುಂದೆ ನಿಲ್ಲೋದೇ ಬಿಟ್ಟಿದ್ದೆ, ಗೊತ್ತಾ?'

ಆ ಕಡೆ ಬಾಗಿಲ ಸದ್ದಾಯಿತು. 'ಅವರು ಬಂದ್ರು, ಇಡ್ತೀನಿ' ಎಂದಳು.

ಮಾನ್ಯರೇ, ಅವಳನ್ನು ವಾಪಸು ಕೊಡಿಸಿ ಎಂದು ಕೇಳುತ್ತಿಲ್ಲ. ಅದು ತಮ್ಮ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಬಲ್ಲೆ. ನಿಲ್ಲಿಸಿದ ಅಧ್ಯಯನವನ್ನು ಮತ್ತೆ ಶುರುಮಾಡಿ. ಎಲ್ಲ ಅಳತೆಯವೂ ಅಂಗಡಿಯಲ್ಲಿ ಸಿಗಲಿ, ಯಾರನ್ನೂ ಕೇಳದೆ ಕೈಗೆತ್ತಿಕೊಳ್ಳುವಂತಿರಲಿ. ಹೊಸದಾಗಿ ಮದುವೆಯಾದ ಯಾರೋ ಒಬ್ಬ, ಹೆಂಡತಿಗೆ ಹೇಳಲಾಗದ್ದನ್ನು ಆ ಹಿರಿಯರ ಮುಂದೆ ಹೇಳಲಿ. ಹೇಳಿ, ಮನೆಗೆ ಹೋಗಿ, ಅವಳಿಗೂ ಹೇಳಲಿ.

ಇಂತಿ,
ಜೋಡಿಯಾಗಿಯೇ ಮಾರುವ ದಿಂಬುಗಳನ್ನು ಕೊಂಡು, ಒಂದನ್ನು ಕವರಿನಲ್ಲೇ ಬಿಟ್ಟಿರುವ ಒಬ್ಬ ನಾಗರಿಕ