ಅರ್ಜಿಯಲ್ಲಿ ಬರೆದ ಆತಂಕ

ಹಂಪಾಪುರ,
೧೯-೧೦-೧೯೬೬

ಚಿ.ಸೌ. ಮಂಗಳಗೌರಿಗೆ ನಿನ್ನ ತಂದೆಯ ಹಾರೈಕೆಗಳು.

ಕೃಷ್ಣರಾಜನಗರದಿಂದ ನೀನು ಬರೆದ ಕಾಗದ ಕೈಸೇರಿ ಹದಿನೈದು ದಿನವಾಯಿತು. ತಡವಾಗಿ ಬಂದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ನಾನೇ ತಡಮಾಡಿದ್ದೇನೆ, ಕ್ಷಮಿಸು. ನಿನ್ನ ತಾಯಿ ಕ್ಷೇಮ. ಚಿತ್ತಾ ಮಳೆ ಹಿಡಿದು ಇಂದಿಗೆ ಆರನೆಯ ದಿನ. ರಾಗಿಯ ತೆನೆ ಹೊಲದಲ್ಲೇ ನೆಲ ಮುಟ್ಟಿದೆ.

ಏಳನೆಯ ತರಗತಿಯವರಿಗೆ 'ಆತಂಕ'ದ ಅರ್ಥ ಹೇಗೆ ಹೇಳಲಿ ಎಂದು ಕೇಳಿದ್ದೀಯೆ. ನಿಘಂಟು ಓದಿ ಹೇಳಬೇಡ. ಹಾವು ಕಂಡಾಗ ಆಗುವುದು ಭಯ. ಮನೆ ಹೊಕ್ಕ ಹಾವು ಎಲ್ಲಿದೆಯೆಂದು ಕಾಣದಿರುವಾಗ ಆಗುವುದು ಆತಂಕ. ಪದಗಳನ್ನು ಹೀಗೆ ತೂಗಿ ಬಳಸುವವನೆಂದು ಈ ಹೋಬಳಿಯಲ್ಲಿ ನನಗೆ ಹೆಸರಿದೆ, ನೀನೇ ಬಲ್ಲೆ.

ಆ ಹೆಸರು ಕೇಳಿಯೇ ಕಳೆದ ತಿಂಗಳು ನಮ್ಮ ಕೆರೆಯ ನೀರುಗಂಟಿ ಕರಿಯಯ್ಯ ತಾಲ್ಲೂಕು ಕಚೇರಿಗೆ ಅರ್ಜಿ ಬರೆಸಲು ಬಂದ. ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವುದು ಅವನ ಮನೆತನದ ಕೆಲಸ. "ಏರಿ ಬೆವರ್ತಾ ಅದೆ ಕಣ್ರೀ ಮೇಷ್ಟ್ರೇ. ಒಡೀತದೆ ಅಂತ್ಲೇ ಬರೀರಿ," ಎಂದ. ಏರಿಯ ಕೆಳಗೇ ಮನೆಯಿರುವ ರಾಚಮ್ಮನೂ ಜೊತೆಗಿದ್ದಳು.

"ಒಡೆಯೋದನ್ನ ನೀನು ಕಂಡಿದ್ದೀಯೇನಯ್ಯಾ?" ಎಂದೆ.

"ಒಡದ್ಮೇಲೆ ಕಾಣಕ್ಕೆ ನಾವೆಲ್ಲಿರ್ತೀವಿ ಬುಡಿ!" ರಾಚಮ್ಮ ನಕ್ಕಳು. "ಅಕ್ಸರ ಬಲ್ಲೋರು ನೀವು, ಒಸಿ ಜೋರಾಗಿ ಬರೀರಿ ಸೋಮಿ."

ಕಾಣದ್ದನ್ನು ಕಂಡಂತೆ ಬರೆಯುವ ಅಭ್ಯಾಸ ನನಗಿಲ್ಲ. 'ಏರಿಯ ಕೆಳಗಿನ ಹನ್ನೊಂದು ಮನೆಗಳವರಲ್ಲಿ ಕೊಂಚ ಆತಂಕವಿದೆ. ತಾವು ಪರಿಶೀಲಿಸಬೇಕು' ಎಂದು ಬರೆದು ಓದಿ ಹೇಳಿದೆ. ಕರಿಯಯ್ಯ ತಲೆ ಕೆರೆದುಕೊಂಡ. "ಏನೋ, ಕೇಳಕ್ಕೆ ಚಂದಾಗದೆ ಬುಡಿ," ಎಂದು ಹೆಬ್ಬೆಟ್ಟು ಒತ್ತಿದ.

ಕಚೇರಿಯವರು ಬರುತ್ತಾರೆಂದು ಆ ಮನೆಗಳವರು ಕಾಯುತ್ತಿದ್ದಾರೆ. ರಾಚಮ್ಮನನ್ನೂ ಹಾಸಿಗೆ ಹಿಡಿದ ಅವಳ ಅತ್ತೆಯನ್ನೂ ಕರೆದೊಯ್ಯಲು ನಿನ್ನೆ ಅವಳ ಅಣ್ಣ ಗಾಡಿ ಕಟ್ಟಿಕೊಂಡು ಬಂದಿದ್ದ. "ಮೇಷ್ಟ್ರು ಬರ್ದವ್ರೆ, ಸಾಯೇಬ್ರು ಬಂದೇ ಬತ್ತಾರೆ. ನೀ ಓಗಣ್ಣ," ಎಂದು ಬರಿಗಾಡಿಯನ್ನು ಹಿಂದಕ್ಕೆ ಕಳಿಸಿದಳಂತೆ.

ಇಂದು ಬೆಳಿಗ್ಗೆ ಏರಿಯ ಬುಡದಲ್ಲಿ ಒಸರುವ ನೀರನ್ನು ಕರಿಯಯ್ಯ ಬೊಗಸೆಯಲ್ಲಿ ಹಿಡಿದು ತೋರಿಸಿದ. ಇಷ್ಟು ದಿನ ತಿಳಿಯಾಗಿದ್ದುದು ಕೆಂಪಾಗಿದೆ. "ಏರಿ ಒಳಗಿನ ಮಣ್ಣು ಕೊಚ್ಕೊಂಡು ಬತ್ತಾ ಅದೆ," ಎಂದ.

ನಿನಗೂ ಅಳಿಯಂದಿರಿಗೂ ಆಯುರಾರೋಗ್ಯ ಕೂಡಿಬರಲಿ. ನಿನ್ನ ಶಾಲೆಯ ಮಕ್ಕಳು ನಿನ್ನನ್ನು ನಂಬುವಂತಾಗಲಿ.

ಇಂತು, ನಿನ್ನ ತಂದೆ,
ಪುಟ್ಟಸ್ವಾಮಿ

ತಾ.ಕ.: ಕಚೇರಿಯ ಉತ್ತರ ಬಂದು ಹನ್ನೆರಡು ದಿನವಾಯಿತು. 'ಅರ್ಜಿಯಲ್ಲಿ ಆತಂಕವೆಂದಷ್ಟೇ ಇದೆ, ಅಪಾಯದ ಉಲ್ಲೇಖವಿಲ್ಲ. ಮಳೆಗಾಲ ಕಳೆದ ಮೇಲೆ ನೋಡಲಾಗುವುದು' ಎಂದಿದ್ದಾರೆ. ನನ್ನ ಬರಹ ಸೋತಿತೆಂದು ಹೇಳಲು ಬಾಯಿ ಬರಲಿಲ್ಲ. ಯಾರಿಗೂ ತೋರಿಸದೆ ಪಂಚಾಂಗದೊಳಗೆ ಇಟ್ಟಿದ್ದೆ. ಇಷ್ಟುದ್ದ ಬರೆದದ್ದೂ ರಾಚಮ್ಮನ ಬಾಗಿಲಿಗೆ ಹೋಗುವುದನ್ನು ಮುಂದೂಡಲಿಕ್ಕೇ ಎಂದು ಈಗ ತಿಳಿಯುತ್ತಿದೆ. ಹೊರಟೆ. ಗಾಡಿಯಂತೂ ಇಲ್ಲ, ಆ ಮುದುಕಿಯನ್ನು ಹೊರಲು ನನ್ನ ತೋಳುಗಳಲ್ಲಿ ಶಕ್ತಿ ಉಳಿದಿದೆಯೋ ಇಲ್ಲವೋ ತಿಳಿಯದು.