ಬಾಟಲಿಯ ಮೇಲಿನ ಅಮ್ಮ

ಸೋಮವಾರ, ಬೆಳಿಗ್ಗೆ
ಪ್ರಯೋಗಾಲಯದಿಂದ

ನನ್ನ ಅತ್ತೆಯವರ ಒಬ್ಬನೇ ಮಗನಿಗೆ ನಮಸ್ಕಾರ.

ನಿಮ್ಮ ಪತ್ರ ಬಂತು. ‘ನೀನು’ ಎಂದೇ ಕರೆದು ರೂಢಿಯಾದವಳು ‘ನೀವು’ ಎನ್ನುತ್ತಿದ್ದಾಳೆಂದು ಹಿಗ್ಗಬೇಡಿ. ಇದು ದೊಡ್ಡವರಿಗೆ ಕೊಡುವ ಮರ್ಯಾದೆಯಲ್ಲ, ದೂರದವರಿಗೆ ಕೊಡುವುದು.

ಸಭಾಂಗಣದಲ್ಲಿ ನಡೆದದ್ದು ಆಕಸ್ಮಿಕ, ಅಮ್ಮನಿಗೆ ಆ ದಿನ ಜ್ವರವಿತ್ತು ಎಂದು ಪತ್ರಿಕೆಯವರಿಗೆ ಹೇಳಿಬಿಡು ಅಂತ ಕೇಳಿದ್ದೀರಿ. ಜ್ವರವಿರಲಿಲ್ಲ. ಆಕಸ್ಮಿಕವೂ ಆಗಿರಲಿಲ್ಲ. ಅದನ್ನು ಮಾಡಿದವಳು ನಾನು. ಹೇಗೆ ಮಾಡಿದೆ ಅನ್ನುವುದನ್ನು ನೀವು ಬೇರೆ ಯಾರಿಂದಲೋ ಕೇಳುವುದು ನನಗಿಷ್ಟವಿಲ್ಲ.

ನಾವಿಬ್ಬರೂ ಪರೀಕ್ಷಿಸಿದ ಆ ಎಲೆಯ ಮೇಲೆ ನನಗೆ ಈಗಲೂ ಕೋಪವಿಲ್ಲ. ಬೇಲಿ ಬದಿಯ ಗಿಡ. ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಆಲ್ಕೋಹಾಲಿನಲ್ಲಿ ನೆನೆಸಿ ಸೋಸಿದಾಗ ತಳದಲ್ಲಿ ಅಂಟಿನಂಥ ಕಡುಹಸಿರು ಸಾರ ಉಳಿಯುತ್ತಿತ್ತು. ಅದನ್ನು ತೆಗೆಯುವ ಕೆಲಸ ನನ್ನದು, ನರಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸುವುದು ನಿಮ್ಮದು. ಮರೆವಿನ ರೋಗದಲ್ಲಿ ಮಿದುಳಿಗೆ ಮುತ್ತಿಕೊಳ್ಳುವ ಆ ಪ್ರೋಟೀನನ್ನು ಹಾಕಿದಾಗ ಬರೀ ಕೋಶಗಳು ಸತ್ತವು, ಸಾರ ಕುಡಿದ ಕೋಶಗಳು ಬದುಕಿದವು. ಮೈಕ್ರೋಸ್ಕೋಪು ನನಗೆ ಬಿಟ್ಟುಕೊಡದೆ ನೀವು ಮಕ್ಕಳಂತೆ ಹಟ ಮಾಡಿದ್ದಿರಿ. ಅಂದು ನಾನು ನಿಮ್ಮನ್ನು ಬಹಳ ಪ್ರೀತಿಸಿದೆ. ಅದನ್ನು ಅಳಿಸಲು ಆಗುತ್ತಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ಆಮೇಲೆ ಇಲಿಗಳ ಸರದಿ ಬಂತು. ಸ್ವಲ್ಪ ಕೊಟ್ಟರೆ ದಾರಿ ನೆನಪಿಟ್ಟುಕೊಂಡವು. ಹೆಚ್ಚು ಕೊಟ್ಟರೆ ಅವುಗಳ ಯಕೃತ್ತು ಊದಿಕೊಂಡಿತು. ತಟ್ಟೆಯಲ್ಲಿ ಬದುಕಿದ್ದು ಮನುಷ್ಯನಲ್ಲಿ ಬದುಕುತ್ತದೆಂದು ಯಾರು ಹೇಳಿದ್ದು, ಇನ್ನೂ ವರ್ಷಗಳ ಕೆಲಸವಿದೆ ಎಂದೆ. ಮೊಸರಲ್ಲಿ ಕಲ್ಲು ಹುಡುಕೋದು ನಿನ್ನ ಹುಟ್ಟುಗುಣ ಕಣೇ ಅಂದಿರಿ. ಕಲ್ಲು ಇದ್ದದ್ದಂತೂ ನಿಜ. ನೀವು ಇಲಿಗಳನ್ನು ಮಾತಿನಿಂದ ಹೊರಗಿಟ್ಟು, ನನ್ನನ್ನು ಮನೆಯಿಂದ ಹೊರಗಿಟ್ಟು, ‘ನೆನಪಿನ ಹನಿ’ ಅಂತ ಬಾಟಲಿ ತುಂಬಿಸಲು ಹೊರಟಿರಿ. ಹಿತ್ತಲ ಗಿಡ ಮದ್ದಲ್ಲ ಅನ್ನುವ ಜನ, ಅದೇ ಗಿಡಕ್ಕೆ ಚಂದದ ಮುಚ್ಚಳ ಹಾಕಿದರೆ ಸಾಲುಗಟ್ಟಿ ನಿಲ್ಲುತ್ತಾರೆ.

ಇಷ್ಟಕ್ಕೇ ನಿಂತಿದ್ದರೆ ನಾನು ಹಲ್ಲು ಕಚ್ಚಿಕೊಂಡು ಸುಮ್ಮನಿರುತ್ತಿದ್ದೆ. ಬಾಟಲಿಯ ಮೇಲೆ ಅತ್ತೆಯ ಮುಖ ಹಾಕಿಸಿದಿರಿ. ನೀಲಿ ಶಾಲು ಹೊದ್ದು ನಗುತ್ತಾ, ನನಗೀಗ ಎಲ್ಲಾ ನೆನಪಿದೆ ಅಂತ ಅವರು ಹೇಳುವ ಜಾಹೀರಾತು ಚಿತ್ರ ಮಾಡಿಸಿದಿರಿ. ಆಗಿನ್ನೂ ಅವರು ಒಂದು ಹನಿಯನ್ನೂ ಕುಡಿದಿರಲಿಲ್ಲ. ಕೀಲಿ ಎಲ್ಲಿಟ್ಟೆ ಅಂತ ಹುಡುಕುವಷ್ಟೇ ಮರೆವು. ಆಮೇಲೆ ಡಾಕ್ಟರ ಗುಳಿಗೆ ನಿಲ್ಲಿಸಿ ಬೆಳಿಗ್ಗೆ ಸಂಜೆ ಹನಿ ಕುಡಿಸಿದಿರಿ. ಮರೆವು ನಿಲ್ಲಲಿಲ್ಲ, ಕಣ್ಣು ಹಳದಿಯಾಯಿತು. ಆಗ ಕೆಲಸ ಜಾಸ್ತಿ ಅಂತ ಆರೈಕೆ ಮನೆಗೆ ಸೇರಿಸಿ ಬಂದಿರಿ. ನೀವು ಫೋನು ಎತ್ತಲಿಲ್ಲವೆಂದು ಅಲ್ಲಿನ ದಾದಿ ನನ್ನನ್ನು ಕರೆದಳು. ನಾನು ಹೋದಾಗ ಅತ್ತೆ ಕಿಟಕಿಯ ಪರದೆಯನ್ನು ಮಡಿಚುತ್ತಾ ನಿಂತಿದ್ದರು. ಬಂದ್ಯಾ, ಬಟ್ಟೆ ಒಣಗಿದೆ ನೋಡು ಅಂದರು. ನನ್ನ ಮನೆಗೆ ಕರೆದುಕೊಂಡು ಬಂದೆ.

ನೀವು ಹೊಸ ಬಾಟಲಿ ಬಿಡುಗಡೆ ಮಾಡುವ ಸುದ್ದಿ ಓದಿದಾಗ ಅದೇ ನೀಲಿ ಶಾಲನ್ನು ಒಗೆದು ಇಸ್ತ್ರಿ ಮಾಡಿದೆ. ಅದೇ ಥರ ತಲೆ ಬಾಚಿದೆ. ಸಭಾಂಗಣದ ಮುಂದಿನ ಸಾಲಿನಲ್ಲಿ ಕೂರಿಸಿದೆ. ಪರದೆಯ ಮೇಲೆ ಅವರು ನಕ್ಕಾಗ ಪಕ್ಕದವರು ತಿರುಗಿ ನೋಡಿ, ಅಯ್ಯೋ ಇವರೇ ಅಲ್ವಾ ಅಂದರು. ನಿರೂಪಕಿ ತಾನಾಗಿಯೇ ಓಡಿಬಂದು ಮೈಕು ಹಿಡಿದಳು. ನೀವೂ ತೋಳು ಚಾಚಿಕೊಂಡು, ಅಮ್ಮಾ ಅಂತ ಮೆಟ್ಟಿಲಿಳಿದು ಬಂದಿರಿ. ನನ್ನನ್ನು ಕಂಡು ನಿಮ್ಮ ಹೆಜ್ಜೆ ತಡವರಿಸಿತು. ಆದರೆ ಅಷ್ಟು ಜನರ ಮುಂದೆ ಹಿಂದಕ್ಕೆ ಹೋಗುವಂತಿರಲಿಲ್ಲ.

ಯಾರಪ್ಪಾ ನೀನು ಅಂದರು ಅತ್ತೆ. ಮೈಕಿನಲ್ಲಿ ಎಷ್ಟು ಚೆನ್ನಾಗಿ ಕೇಳಿಸಿತು!

ನಾನಮ್ಮಾ, ನಿನ್ನ ಮಗ ಅಂದಿರಿ.

ನನಗೆ ಮಗ ಎಲ್ಲಿದ್ದಾನೆ, ಸೊಸೆ ಇದ್ದಾಳೆ ಅಂತ ನನ್ನ ಕೈ ಹಿಡಿದುಕೊಂಡರು. ಮಗನಿಲ್ಲದೆ ಸೊಸೆ ಎಲ್ಲಿಂದ ಬಂದಳು ಅಂತ ಹಿಂದಿನಿಂದ ಯಾರೋ ನಕ್ಕರು. ಆ ನಗು ಮುಗಿಯುವಷ್ಟರಲ್ಲಿ ಎಲ್ಲರಿಗೂ ಅರ್ಥವಾಗಿತ್ತು. ಪರದೆಯ ಮೇಲಿನ ಅಮ್ಮ ಮಾತ್ರ, ನಿಲ್ಲಿಸುವವರಿಲ್ಲದೆ, ನನಗೀಗ ಎಲ್ಲಾ ನೆನಪಿದೆ ಅಂತ ಹೇಳುತ್ತಲೇ ಇದ್ದರು. ನಿಮ್ಮ ಮುಖ ಸುಣ್ಣ ಬಳಿದಂತಾಯಿತು. ನಾನು ಕಣ್ಣು ತುಂಬ ನೋಡಿದೆ.

ನಿಮ್ಮ ಗೋದಾಮಿಗೆ ಬೀಗ ಹಾಕಿದ ಔಷಧ ಇಲಾಖೆಯವರಿಗೆ ಇಲಿಗಳ ವಿಷಯ ಹೇಳಿದವಳೂ ನಾನೇ. ಬೇರೆಯವರ ಮೇಲೆ ಅನುಮಾನ ಪಡಬೇಡಿ. ಇಲ್ಲಿ ನಮ್ಮ ಕೆಲಸ ನಿಂತಿಲ್ಲ. ಆ ಸಾರದಲ್ಲಿ ಕಾಯುವುದು ಯಾವುದು, ಕೊಲ್ಲುವುದು ಯಾವುದು ಅಂತ ಬಿಡಿಸುತ್ತಿದ್ದೇವೆ. ಒಂದು ದಿನ ಅದು ನಿಜವಾಗಿ ಮದ್ದಾಗಬಹುದು, ಆಗದೆಯೂ ಹೋಗಬಹುದು. ಆದರೆ ನಿಮ್ಮ ಹೆಸರು ಕೇಳಿದರೆ ಜನ ಇನ್ನು ಬೇವಿನ ಕಡ್ಡಿಯನ್ನೂ ಬಾಯಿಗಿಡುವುದಿಲ್ಲ.

ಹನಿ ನಿಲ್ಲಿಸಿದ ಮೇಲೆ ಅತ್ತೆಯ ಕಣ್ಣಿನ ಹಳದಿ ಹೋಗಿದೆ. ನೋಡಲು ಬರಬೇಡಿ.

ಇಂತಿ,
ನಿಮ್ಮ ಅಮ್ಮನ ಸೊಸೆ

ತಾ.ಕ.: ಪರಿಚಯದ ಮುಖಗಳನ್ನು ದಿನವೂ ತೋರಿಸಿ ಹೆಸರು ಹೇಳುತ್ತಿರಿ, ಇರುವ ನೆನಪು ಸ್ವಲ್ಪ ಕಾಲವಾದರೂ ಉಳಿದೀತು ಅಂದಿದ್ದರು ಡಾಕ್ಟರು. ಕಾಫಿಯಾದ ಮೇಲೆ ಆಲ್ಬಮ್ ಹಿಡಿದು ಕೂರುತ್ತೇವೆ. ಮಾವನವರನ್ನು ಗುರುತಿಸುತ್ತಾರೆ, ತಂಗಿಯರನ್ನು ಗುರುತಿಸುತ್ತಾರೆ, ನಮ್ಮ ಮಗಳನ್ನಂತೂ ಮುದ್ದು ಹೆಸರಿನಿಂದಲೇ ಕರೆಯುತ್ತಾರೆ. ಕರೆತಂದ ದಿನದಿಂದಲೇ ನೀವಿರುವ ಪುಟಗಳನ್ನು ನಾನು ದಾಟಿಸುತ್ತಿದ್ದೆ. ಮೊದಮೊದಲು ಅವರೇ ಪುಟ ಹಿಂದಕ್ಕೆ ತಿರುಗಿಸಿ, ನಿಮ್ಮ ಮುಖದ ಮೇಲೆ ಬೆರಳಿಟ್ಟು, ಇವನ್ಯಾರೇ, ನಮ್ಮವನ ಥರ ಕಾಣ್ತಾನಲ್ಲ ಅನ್ನುತ್ತಿದ್ದರು. ಗೊತ್ತಿಲ್ಲ ಅತ್ತೆ ಅನ್ನುತ್ತಿದ್ದೆ. ಈಗ ಕೇಳುವುದನ್ನು ಬಿಟ್ಟಿದ್ದಾರೆ.